ಸ್ಟುಡಿಯೋದಿಂದ ಹೊರಡುವ ಮುಂಚೆ ನಿಮ್ಮ ಡ್ರೈ ಟ್ರ್ಯಾಕ್ ಇಸ್ಕೊಳ್ಳಿ

ಹಾಡು ರೆಕಾರ್ಡ್ ಮಾಡಿಸಬೇಕು ಅಂತಿರುವವರು ಒಂದ್ಸಲ ಓದಿ. ಡ್ರೈ ಟ್ರ್ಯಾಕ್ ಅಂದರೆ ಯಾವ ತಿದ್ದುಪಡಿ, ಎಫೆಕ್ಟ್ ಇಲ್ಲದೆ ಹಾಡಿದ ಹಾಗೇ ಇರುವ ದನಿಯ ಫೈಲ್. ನನಗೆ ಆರು ಸಾವಿರ ರೂಪಾಯಿಯೂ ಹೋಯಿತು, ಒಂದು ಒಳ್ಳೇ ಟೇಕೂ ಹೋಯಿತು.

ಗೆಳತಿ ಬರೆದ ಭಾವಗೀತೆ. ಸಿಂಧುಭೈರವಿಯಲ್ಲಿ ನಾನೇ ರಾಗ ಹಾಕಿದ್ದೆ. ಮೈಸೂರಲ್ಲಿ ಒಬ್ಬರು ಮನೆಯಲ್ಲೇ ನಡೆಸುವ ಸ್ಟುಡಿಯೋ, ಹೆಸರು ಬೇಡ ಬಿಡಿ. ಹೆಡ್‌ಫೋನಿನಲ್ಲಿ ಕೀಬೋರ್ಡ್ ಎಷ್ಟು ಜೋರಿತ್ತು ಅಂದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ, ಎರಡನೇ ಚರಣದಲ್ಲಿ ಮೇಲಿನ ಷಡ್ಜ ಒಂಚೂರು ಇಳಿಯಿತು. ಇನ್ನೊಂದ್ಸಲ ಹಾಡ್ತೀನಿ ಅಂದೆ. "ಬೇಡ ಮೇಡಂ, ಆಮೇಲೆ ಟ್ಯೂನ್ ಮಾಡ್ಕೋತೀನಿ" ಅಂದರು. ಅಲ್ಲೇ ಹಟ ಹಿಡಿಯಬೇಕಿತ್ತು.

ವಾರ ಬಿಟ್ಟು ಫೈಲ್ ಬಂತು. 'ಮಳೆಯೇ' ಅನ್ನುವಲ್ಲಿ ಗಾಂಧಾರದಿಂದ ಷಡ್ಜಕ್ಕೆ ಒಂದು ಜಾರು ಇದೆ, ನನ್ನ ಪ್ರಕಾರ ಹಾಡು ನಿಂತಿರುವುದೇ ಅದರ ಮೇಲೆ. ಅದು ಯಾರೋ ಮೆಟ್ಟಿಲಿಳಿದ ಹಾಗೆ ಟಕ್ ಟಕ್ ಅಂತಿತ್ತು. ಹೋಗಿ ಅವರ ಸ್ಕ್ರೀನ್ ನೋಡಿದೆ. ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋ-ಟ್ಯೂನ್‌ನ ರಿಟ್ಯೂನ್ ಸ್ಪೀಡ್ (ದನಿಯನ್ನು ಸ್ವರಕ್ಕೆ ಎಳೆಯಲು ಹಿಡಿಯುವ ಹೊತ್ತು) ಸೊನ್ನೆಗೆ ಇಟ್ಟಿದ್ದಾರೆ! ಹಾಗಿಟ್ಟರೆ ದನಿ ಹತ್ತಿರದ ಸ್ವರಕ್ಕೆ ತಕ್ಷಣ ಅಂಟಿಕೊಳ್ಳುತ್ತದೆ, ಸ್ವರವನ್ನು ತೂಗಿ ಜಾರಿಸುವ ಗಮಕ ಅದರ ಲೆಕ್ಕದಲ್ಲಿ ಅಪಸ್ವರ. ಸಾಲದ್ದಕ್ಕೆ, ನನ್ನದು ಐದೂವರೆ ಮನೆ ಶ್ರುತಿ ಅಂತ ಅದೇ ಶ್ರುತಿಯ ಜಿ ಶಾರ್ಪ್ ಮೈನರ್ ಸ್ಕೇಲ್, ಅಂದರೆ ಇಂಥ ಏಳು ಸ್ವರ ಮಾತ್ರ ಅನ್ನುವ ಪಟ್ಟಿ, ಹಾಕಿದ್ದರು. ಅದರಲ್ಲಿ ಶುದ್ಧ ರಿಷಭವೇ (ಷಡ್ಜಕ್ಕೆ ಹತ್ತಿರದ, ಕೆಳಗಿನ 'ರಿ') ಇಲ್ಲ. ಸಿಂಧುಭೈರವಿಯಲ್ಲಿ ಅದೂ ಅದರ ಮೇಲಿನ ಚತುಶ್ರುತಿಯೂ, ಎರಡೂ ರಿಷಭ ಬರುತ್ತವೆ ಅಲ್ವಾ, ಪಾಪ ಆ ಶುದ್ಧ ರಿಷಭ ಒಂದು ಕಡೆ ಷಡ್ಜಕ್ಕೆ, ಇನ್ನೊಂದು ಕಡೆ ಚತುಶ್ರುತಿಗೆ ಹೋಗಿ ಬಿದ್ದಿತ್ತು.

ಸರಿ, ಮೊದಲಿನ ಟ್ರ್ಯಾಕ್ ಕೊಡಿ ಅಂದೆ. ಇಲ್ಲವಂತೆ. ಟ್ಯೂನ್ ಆದದ್ದರ ಮೇಲೇ ಸೇವ್ ಮಾಡಿದ್ದಾರೆ, ಹಳೆಯದನ್ನು ಜಾಗ ಸಾಲದೆ ಅಳಿಸಿದ್ದಾರೆ. ಒಂದು ಹಾಡಿನ ವೇವ್ ಫೈಲ್‌ಗೆ ಎಷ್ಟು ಜಾಗ ಬೇಕು ಹೇಳಿ?

ಟ್ಯೂನ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಮೇಲೆ ಬೇರೆ ಕಡೆ ಹಾಡಿದಾಗ ಅಲ್ಲಿಯವರು ಮೊದಲು ನಾಲ್ಕು ಟೇಕ್ ತೆಗೆದುಕೊಂಡು, ಒಳ್ಳೆಯ ಸಾಲುಗಳನ್ನು ಜೋಡಿಸಿ, ಕಂಪ್ರೆಸರ್ ರಿವರ್ಬ್ ಅಂತ ಎಫೆಕ್ಟ್ ಯಾವುದೂ ಹಾಕುವ ಮುಂಚೆ, ಒಂದೊಂದೇ ಸ್ವರ ಹಿಡಿದು ತಿದ್ದುವ ಮೆಲೊಡೈನ್ ಸಾಫ್ಟ್‌ವೇರ್ ತೆರೆದರು. ಜಾರು ಇರುವ ಕಡೆ ಕೈಯೇ ಹಾಕಲಿಲ್ಲ. ಎಳೆದು ನಿಲ್ಲಿಸಿದ ಮೂರು ಸ್ವರಗಳನ್ನು ಮಾತ್ರ, ಅದೂ ಪೂರ್ತಿ ಅಲ್ಲ, ಇಳಿದಷ್ಟರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮೇಲೆತ್ತಿದರು. ಎಲ್ಲೆಲ್ಲಿ ಅಂತ ಈಗ ಹುಡುಕಿದರೆ ನನಗೂ ಸಿಗುವುದಿಲ್ಲ.

ಈ ಸಲ ಪೆನ್‌ಡ್ರೈವ್ ಒಯ್ದಿದ್ದೆ. ನಾಲ್ಕೂ ಟೇಕ್ ಕಾಪಿ ಆಗುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.