ಹೊಸ ಆಟ ಕಟ್ಟಲು ಯಾವ ಡಬ್ಬಿ? ಚದುರಂಗ, ಲೂಡೋ, ಡಾಮಿನೋ

ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ನಾಲ್ಕು ಭಾನುವಾರ ಇಬ್ಬರ ಮುಂದೆ ಹಳೆಯ ಆಟದ ಸಾಮಾನುಗಳನ್ನಿಟ್ಟು, ಯಾರೂ ಆಡಿರದ ಆಟವೊಂದನ್ನು ಕಟ್ಟಿ ಎಂದು ಹೇಳಿ ಪಕ್ಕದಲ್ಲಿ ಕುಳಿತೆ. ಜಗಳ ಕೈಮೀರಿದಾಗ ಮಾತ್ರ ಬಾಯಿ ತೆರೆಯುವುದೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ.

ಚದುರಂಗದ ಮೇಲೆ ನನಗೆ ಬಹಳ ಭರವಸೆಯಿತ್ತು. 64 ಮನೆ, 32 ಕಾಯಿ, ಆರು ಬಗೆಯ ಆಕಾರ. ಆದರೆ ಮಗಳಿಗೆ ಚದುರಂಗ ಬರುತ್ತದೆ, ಅದೇ ತೊಡಕಾಯಿತು. ಕುದುರೆಯನ್ನು ಹಿಡಿದರೆ ಎರಡು ಮನೆ ನೇರಕ್ಕೆ, ಒಂದು ಮನೆ ಅಡ್ಡಕ್ಕೆ ಹೋಗದೆ ಅವಳ ಕೈ ನಿಲ್ಲುತ್ತಿರಲಿಲ್ಲ. ಒಂಟೆ ಓರೆಯಾಗಿಯೇ ಓಡಬೇಕು. ಎರಡು ಗಂಟೆಯ ದುಡಿಮೆಯಿಂದ ಹುಟ್ಟಿದ್ದು ರಾಜನಿಲ್ಲದ ಚದುರಂಗ. ಆಟ ತಿಳಿಯದ ಮಗನಿಗೆ ಆ ಕಟ್ಟುಪಾಡು ಇರಲಿಲ್ಲ. ಎಂಟು ಕಾಲಾಳುಗಳನ್ನು ಸಾಲಾಗಿ ನಿಲ್ಲಿಸಿ ಅದು ನದಿ ಎಂದ. ಆನೆ ಮಾತ್ರ ದಾಟಬಲ್ಲದು, ಕುದುರೆಯನ್ನು ಆನೆಯೇ ಹೊತ್ತು ದಾಟಿಸಬೇಕು ಎಂದ. ಆ ದಿನದ ನಿಜವಾದ ಗಳಿಕೆ ಅದೊಂದೇ ನಿಯಮ.

ಲೂಡೋ ಕಾಯಿಗಳಿಗೆ ಇಂಥ ಪೂರ್ವಜನ್ಮದ ನೆನಪಿಲ್ಲ. ಹದಿನಾರೂ ಒಂದೇ ಆಕಾರ, ಬಣ್ಣ ಮಾತ್ರ ನಾಲ್ಕು. ಹಲಗೆಯನ್ನು ಮಗುಚಿ ಖಾಲಿ ಬೆನ್ನಿನ ಮೇಲೆ ದಾರಿ ಬರೆದುಕೊಂಡರು. ಹತ್ತೇ ನಿಮಿಷದಲ್ಲಿ ಆಟ ಸಿದ್ಧ. ಮೂರನೆಯ ಸುತ್ತಿಗೆ ಬೇಸರವೂ ಸಿದ್ಧ! ದಾಳ ಹೇಳಿದಷ್ಟು ನಡೆಯುವುದನ್ನು ಬಿಟ್ಟರೆ ಆಡುವವರಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಎರಡು ದಾಳ ಉರುಳಿಸಿ ಒಂದನ್ನು ಆರಿಸಿಕೊಳ್ಳಿ ಎಂದು ನಾನು ಸೂಚಿಸಿದೆ. ಆಟ ಸುಧಾರಿಸಿತು, ಆದರೆ ಅದು ನನ್ನ ನಿಯಮವಾಗಿತ್ತು.

ಮೂರನೆಯ ವಾರದ ಡಾಮಿನೋ ಈ ಕೊರತೆಯನ್ನು ನನ್ನ ನೆರವಿಲ್ಲದೆಯೇ ನೀಗಿಸಿತು. ಸೊನ್ನೆಯಿಂದ ಆರರವರೆಗಿನ ಚುಕ್ಕಿಗಳ 28 ಬಿಲ್ಲೆಗಳು. ಒಂದೊಂದರಲ್ಲೂ ಎರಡು ಸಂಖ್ಯೆ, ಅಂದರೆ ಆಯ್ಕೆ ಬಿಲ್ಲೆಯೊಳಗೇ ಇದೆ. ಮಕ್ಕಳು ಚದುರಂಗದ ಹಲಗೆಯನ್ನೂ ಎರಡು ಲೂಡೋ ಕಾಯಿಗಳನ್ನೂ ಕೇಳಿ ಪಡೆದರು. ಬಿಲ್ಲೆಗಳನ್ನು ಬೋರಲು ಹಾಕಿ ಒಂದನ್ನು ಎತ್ತಬೇಕು. ಒಂದು ಸಂಖ್ಯೆಯಷ್ಟು ಮನೆ ತನ್ನ ಕಾಯಿ ಮುಂದಕ್ಕೆ, ಇನ್ನೊಂದರಷ್ಟು ಎದುರಾಳಿಯ ಕಾಯಿ. ಅರ್ಧ ಗಂಟೆಯೊಳಗೆ ಮಗಳೇ ಲೋಪ ಹಿಡಿದಳು: "ಎಲ್ಲರೂ ದೊಡ್ಡದನ್ನೇ ಇಟ್ಟುಕೊಳ್ಳುತ್ತಾರೆ, ಹಾಗಾದರೆ ಯೋಚಿಸುವುದು ಏನನ್ನು?" ಪರಿಹಾರವನ್ನೂ ಅವಳೇ ಕಂಡುಕೊಂಡಳು. 64ನೆಯ ಮನೆಯನ್ನು ಸರಿಯಾಗಿ ಮುಟ್ಟಬೇಕು, ಹೆಚ್ಚಾದಷ್ಟು ಮನೆ ಹಿಂದಕ್ಕೆ. ಕೊನೆಯ ಸಾಲಿಗೆ ಬಂದಾಗ ಸಣ್ಣ ಸಂಖ್ಯೆಗೆ ಒಮ್ಮೆಲೇ ಬೆಲೆ ಬಂತು. ಎದುರಾಳಿಗೆ ಬೇಕೆಂದೇ ದೊಡ್ಡ ಸಂಖ್ಯೆ ಕೊಟ್ಟು ಹಿಂದಕ್ಕೆ ತಳ್ಳುವ ಉಪಾಯವೂ ಹೊಳೆಯಿತು. ಆ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು. ಆಟವನ್ನು ಆಡುವವಳು ಆಟವನ್ನು ತಿದ್ದುವವಳಾದ ಗಳಿಗೆ ಅದು.

ನಾಲ್ಕನೆಯ ವಾರ ಎಲ್ಲ ಡಬ್ಬಿಗಳನ್ನೂ ಒಟ್ಟಿಗೆ ಸುರಿದೆ. ಊರು ಕಟ್ಟಿದರು, ಕಥೆ ಹೇಳಿದರು. ಸೋಲು ಗೆಲುವಿನ ಆಟ ಹುಟ್ಟಲಿಲ್ಲ. ಮಗನ ವಯಸ್ಸಿಗೆ ಅದೇ ಚೆನ್ನ, ಅವನು ಸಂಜೆಯವರೆಗೂ ಏಳಲಿಲ್ಲ.

ಹಾಗಾಗಿ ನನ್ನ ಆಯ್ಕೆ ಡಾಮಿನೋ, ಜೊತೆಗೆ ಒಂದೆರಡು ಮೂಕ ಕಾಯಿಗಳು. ಚದುರಂಗದ ಕಾಯಿಗಳನ್ನು ಇನ್ನೂ ಚದುರಂಗ ಕಲಿಯದ ಮಗುವಿಗೆ ಮೊದಲು ಕೊಡಿ. ಕಲಿತ ಮೇಲೆ ಆ ಸ್ವಾತಂತ್ರ್ಯ ಸುಲಭವಾಗಿ ಮರಳುವುದಿಲ್ಲ. ಯಾವ ಡಬ್ಬಿಯಾದರೂ ಪಕ್ಕದಲ್ಲಿ ಪೆನ್ಸಿಲ್, ನೋಟ್‌ಬುಕ್ ಇರಲಿ. ನಿಯಮಗಳನ್ನು ಬರೆದಿಡತೊಡಗಿದ ಮೇಲೆ ನಮ್ಮಲ್ಲಿ ಜಗಳ ಅರ್ಧಕ್ಕಿಳಿಯಿತು. ಎರಡೂ ಕಡೆ ಖಾಲಿಯಿರುವ ಬಿಲ್ಲೆ ಬಂದರೆ ಏನಾಗಬೇಕು ಎಂಬ ಸಾಲು ಮಾತ್ರ ಅದರಲ್ಲಿ ಎರಡು ಸಲ ಹೊಡೆದುಹಾಕಿ, ಮತ್ತೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ನಿಂತಿದೆ.