ಹಳೆಯ ಫೆಲ್ಟ್ ಹ್ಯಾಟಿನ ಮುಗ್ಗಲು ವಾಸನೆ: ಬಿಸಿಲು, ಸ್ಪಿರಿಟ್, ಸೋಡಾ, ಇದ್ದಿಲುಗಳ ಹೋಲಿಕೆ

ಬಳ್ಳಾರಿಯ ನಮ್ಮ ಹವ್ಯಾಸಿ ನಾಟಕ ತಂಡದ ವೇಷಭೂಷಣದ ಟ್ರಂಕುಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಸ್ವಾತಂತ್ರ್ಯಪೂರ್ವದ ಕಥೆಯುಳ್ಳ ನಾಟಕವನ್ನು ಆಡುವಾಗಲೆಲ್ಲ ಕಲೆಕ್ಟರ್ ಸಾಹೇಬನಿಗೋ ಪಟ್ಟಣದ ವಕೀಲನಿಗೋ ಒಂದು ಹ್ಯಾಟು ಬೇಕೇ ಬೇಕು. ಹೆಸರಾಂತ ರಂಗನಟ ಬಳ್ಳಾರಿ ರಾಘವರು (1880–1946) ಬಾಳಿದ ಈ ಊರಿನ ಪ್ರೇಕ್ಷಕರು ವೇಷದಲ್ಲಿ ಚೂರು ವ್ಯತ್ಯಾಸವಾದರೂ ಗುರುತಿಸುತ್ತಾರಾದ್ದರಿಂದ, ರಟ್ಟಿನ ಹ್ಯಾಟು ಮಾಡಿ ದಾಟಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕಂಟೋನ್ಮೆಂಟಿನ ಹಳೆಯ ಮನೆಗಳಿಂದಲೂ ಕೌಲ್ ಬಜಾರಿನ ಗುಜರಿ ಅಂಗಡಿಗಳಿಂದಲೂ ಕೂಡಿಟ್ಟ ನಿಜವಾದ ಫೆಲ್ಟ್ ಹ್ಯಾಟುಗಳು ನಮ್ಮಲ್ಲಿವೆ. ಅವೆಲ್ಲಕ್ಕೂ ಇದ್ದ ಒಂದೇ ದೋಷವೆಂದರೆ ಮುಗ್ಗಲು ವಾಸನೆ. ಅದನ್ನು ತೆಗೆಯಲು ಜನರು ಹೇಳುವ ಉಪಾಯಗಳನ್ನು ಒಂದೊಂದಾಗಿ ಮಾಡಿ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ, ನನಗೆ ಕಂಡುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫೆಲ್ಟ್ ಎನ್ನುವುದು ನೇಯ್ದ ಬಟ್ಟೆಯಲ್ಲ. ಕುರಿಯ ಉಣ್ಣೆಯನ್ನೋ ಮೊಲ ಅಥವಾ ಬೀವರ್ ಪ್ರಾಣಿಯ ತುಪ್ಪಳವನ್ನೋ ಬಿಸಿ, ತೇವ ಮತ್ತು ಒತ್ತಡಗಳಿಗೆ ಒಳಪಡಿಸಿ, ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವಂತೆ ಮಾಡಿದಾಗ ಅದು ಸಿದ್ಧವಾಗುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಟ್ರಂಕಿನೊಳಗೆ ಗಾಳಿಯಾಡದೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಿಡುವ ಆವಿಯ ವಸ್ತುಗಳೇ ನಮ್ಮ ಮೂಗಿಗೆ ಮುಗ್ಗಲು ವಾಸನೆಯಾಗಿ ತಿಳಿಯುತ್ತವೆ. ಬೂಷ್ಟು ಒಣಗಿ ಸತ್ತ ಮೇಲೆಯೂ ಆ ವಸ್ತುಗಳು ಎಳೆಗಳಲ್ಲಿ ಅಡಗಿಕೊಂಡೇ ಇರುತ್ತವೆ.

ಉಪಾಯಗಳನ್ನು ಹೋಲಿಸುವವರು ಬಳ್ಳಾರಿಯಲ್ಲಿ ಮೊದಲು ಗಮನಿಸಬೇಕಾದ ವಿಷಯ ಇದೇ. ನಮ್ಮದು ಒಣ ಹವೆಯ ಸೀಮೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಯಾವ ಉಪಾಯವನ್ನು ಮಾಡಿದರೂ ಅದು ಗೆದ್ದಂತೆ ಕಾಣುತ್ತದೆ, ಏಕೆಂದರೆ ಒಣಗಿದ ಫೆಲ್ಟ್ ವಾಸನೆಯನ್ನು ಹೊರಬಿಡುವುದಿಲ್ಲ. ಅದೇ ಹ್ಯಾಟನ್ನು ರಂಗದ ದೀಪಗಳ ಕೆಳಗೆ ನಟನೊಬ್ಬ ಧರಿಸಿ ಬೆವರಿದ ಕೂಡಲೇ ವಾಸನೆ ಎದ್ದು ಬರುತ್ತದೆ. ಆದ್ದರಿಂದ ನಾನು ಎಲ್ಲ ಉಪಾಯಗಳಿಗೂ ಒಂದೇ ಪರೀಕ್ಷೆಯನ್ನು ಇಟ್ಟುಕೊಂಡೆ. ಹ್ಯಾಟನ್ನು ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಹಿಂಡಿದ ಒದ್ದೆ ಬಟ್ಟೆಯನ್ನು ಹ್ಯಾಟಿಗೆ ತಗುಲದಂತೆ ಇಟ್ಟು, ರಾತ್ರಿಯೆಲ್ಲ ಮುಚ್ಚಿಟ್ಟು, ಬೆಳಿಗ್ಗೆ ಮುಚ್ಚಳ ತೆರೆದ ಕ್ಷಣದಲ್ಲೇ ಮೂಸಿ ನೋಡುವುದು. ಆ ಬಳಿಕ ಹ್ಯಾಟನ್ನು ಗಾಳಿಗಿಟ್ಟು ಪೂರ್ತಿ ಒಣಗಿಸುವುದು. ಈ ಪರೀಕ್ಷೆಯಲ್ಲಿ ನಿಲ್ಲದ ಉಪಾಯವನ್ನು ನಾನು ಉಪಾಯವೆಂದು ಎಣಿಸುವುದಿಲ್ಲ.

ಯಾವ ಉಪಾಯಕ್ಕೆ ಕೈ ಹಾಕುವ ಮುನ್ನವೂ ಮೃದುವಾದ ಬ್ರಷ್ಷಿನಿಂದ ಧೂಳನ್ನೂ ಬೂಷ್ಟನ್ನೂ ತೆಗೆಯಬೇಕು. ಮನೆಯೊಳಗೆ ಈ ಕೆಲಸ ಮಾಡಬಾರದು. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ಮಾಡಬೇಕು. ನಮ್ಮ ಕಡೆಯ ಹ್ಯಾಟುಗಳ ಮೇಲೆ ಅದಿರಿನ ಕೆಂಪು ಧೂಳು ಕೂತಿರುತ್ತದೆ, ಅದರ ಮೇಲೆ ನೀರು ಬಿದ್ದರೆ ಕಲೆಯಾಗಿ ಉಳಿಯುತ್ತದೆ. ಹಾಗಾಗಿ ಒಣ ಬ್ರಷ್ಷಿನ ಕೆಲಸ ಮುಗಿಯುವವರೆಗೆ ತೇವವನ್ನು ಹತ್ತಿರ ಸೇರಿಸಬಾರದು.

ಎಲ್ಲರೂ ಮೊದಲು ಹೇಳುವುದು ಬಿಸಿಲನ್ನು. ಖರ್ಚಿಲ್ಲದ ಉಪಾಯ, ಬೂಷ್ಟನ್ನು ಕೊಲ್ಲುವ ಶಕ್ತಿಯೂ ಅದಕ್ಕಿದೆ. ಆದರೆ ಬಳ್ಳಾರಿಯ ಬಿಸಿಲು ಹಳೆಯ ಹ್ಯಾಟಿಗೆ ಅತಿಯಾಗುತ್ತದೆ. ಕಪ್ಪು ಬಣ್ಣ ಕಂದಿ ಕಂದಾಗುತ್ತದೆ, ಒಳಗಿನ ಚರ್ಮದ ಪಟ್ಟಿ ಹಪ್ಪಳದಂತೆ ಸೆಟೆದು ಬಿರಿಯುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಉಳಿದ ಹೊತ್ತು ವರಾಂಡದ ನೆರಳಿನಲ್ಲಿ ಗಾಳಿ ಹಾಯುವೆಡೆ ತೂಗುಹಾಕಿದಾಗ ಬಣ್ಣಕ್ಕೆ ಏಟು ಬೀಳಲಿಲ್ಲ. ವಾಸನೆಯ ತೀವ್ರತೆ ಅರ್ಧದಷ್ಟು ಇಳಿದಂತೆ ತೋರಿತಾದರೂ, ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಮತ್ತೆ ಎದ್ದಿತು. ಗಾಳಿಯನ್ನು ಎಲ್ಲ ಉಪಾಯಗಳಿಗೂ ಪೂರ್ವಭಾವಿಯಾದ ಹಂತವೆಂದು ಸ್ವೀಕರಿಸಬಹುದು, ಅದೊಂದೇ ಸಾಲದು.

ಸ್ಪಿರಿಟ್ಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರಂಗಭೂಮಿಯವರಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ವಿದೇಶದ ನಾಟಕ ತಂಡಗಳಲ್ಲಿ ಒಗೆಯಲಾಗದ ವೇಷಗಳಿಗೆ ವೋಡ್ಕಾ ಸಿಂಪಡಿಸುವ ರೂಢಿ ಬಹಳ ಹಿಂದಿನಿಂದ ಇದೆ. ಔಷಧಿ ಅಂಗಡಿಯಲ್ಲಿ ದೊರೆಯುವ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಸಹ ಇದೇ ಕೆಲಸವನ್ನು ಮಾಡುತ್ತದೆ. ಬೆವರಿನ ವಾಸನೆಗೆ ಕಾರಣವಾಗುವ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ, ಬೇಗ ಆರುತ್ತದೆ, ತನ್ನ ವಾಸನೆಯನ್ನು ಬಿಟ್ಟುಹೋಗುವುದಿಲ್ಲ. ಹಿಂದಿನ ರಾತ್ರಿಯ ಪ್ರದರ್ಶನದಲ್ಲಿ ಬೆವರು ಹಿಡಿದ ಹ್ಯಾಟಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ವರ್ಷಾನುಗಟ್ಟಲೆ ಕೂತ ಮುಗ್ಗಲು ವಾಸನೆಗೆ ಇದರ ಶಕ್ತಿ ಸಾಲುವುದಿಲ್ಲ. ಬೂಷ್ಟು ಸಾಯುತ್ತದೆ, ವಾಸನೆ ಉಳಿಯುತ್ತದೆ. ಇನ್ನೊಂದು ಅಪಾಯವೂ ಇದೆ. ಹಳೆಯ ಹ್ಯಾಟುಗಳ ಅಂಚು ನೆಟ್ಟಗೆ ನಿಲ್ಲಲೆಂದು ತಯಾರಕರು ಅರಗಿನಿಂದ ಬರುವ ಶೆಲ್ಯಾಕನ್ನು ಫೆಲ್ಟಿಗೆ ಕುಡಿಸುತ್ತಿದ್ದರು. ಬಡಗಿಗಳು ಮರಕ್ಕೆ ಪಾಲಿಶ್ ಹಾಕುವಾಗ ಸ್ಪಿರಿಟ್ಟಿನಲ್ಲಿ ಕರಗಿಸುವ ವಸ್ತುವೂ ಇದೇ ಶೆಲ್ಯಾಕ್. ಗುಂಡನೆಯ ಗಟ್ಟಿ ಬೌಲರ್ ಹ್ಯಾಟಿಗೆ ಸ್ಪಿರಿಟ್ ಸಿಂಪಡಿಸಿದರೆ ಶೆಲ್ಯಾಕ್ ಮೆತ್ತಗಾಗಿ, ಕೈಗೆ ಅಂಟಿ, ಆರಿದ ಮೇಲೆ ಬಿಳಿಯ ಮಚ್ಚೆಯಾಗಿ ಉಳಿಯುವ ಸಂಭವವಿದೆ. ಆದ್ದರಿಂದ ಚರ್ಮದ ಪಟ್ಟಿಯ ಹಿಂದೆ, ಹೊರಗೆ ಕಾಣದ ಜಾಗದಲ್ಲಿ, ಬಿಳಿ ಬಟ್ಟೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಅಥವಾ ಜಾಗ ಅಂಟಂಟಾದರೆ ಅಲ್ಲಿಗೇ ಕೈಬಿಡಬೇಕು. ಒಲೆ, ದೀಪಗಳ ಬಳಿ ಈ ಕೆಲಸ ಸಲ್ಲದು.

ವಿನೆಗರನ್ನು ನೀರಿಗೆ ಬೆರೆಸಿ ಸಿಂಪಡಿಸುವವರೂ ಇದ್ದಾರೆ. ಉಣ್ಣೆಗೆ ಕ್ಷಾರಕ್ಕಿಂತ ಮೃದು ಆಮ್ಲ ಒಗ್ಗುತ್ತದೆ ಎನ್ನುವುದು ಸರಿ. ಆದರೆ ಅದರೊಂದಿಗೆ ನೀರೂ ಫೆಲ್ಟಿನೊಳಗೆ ಹೋಗುತ್ತದೆ, ಹನಿ ಬಿದ್ದಲ್ಲಿ ವೃತ್ತಾಕಾರದ ಕಲೆ ನಿಲ್ಲುತ್ತದೆ. ವಿನೆಗರಿನ ಹುಳಿ ವಾಸನೆ ಗಾಳಿಗೆ ಹೋಯಿತು, ಮುಗ್ಗಲು ಸ್ವಲ್ಪ ತಗ್ಗಿತು. ಆ ಲಾಭಕ್ಕೆ ಅಷ್ಟು ತೇವವನ್ನು ಒಳಗೆ ಬಿಡುವುದು ನನಗೆ ಸರಿಕಾಣಲಿಲ್ಲ.

ಅಡುಗೆ ಸೋಡಾ ಇದಕ್ಕಿಂತ ಮೇಲು. ಹ್ಯಾಟನ್ನು ಬೋರಲಾಗಿಸದೆ ಅಂಗಾತವಾಗಿಟ್ಟು, ಒಳಭಾಗದಲ್ಲಿ ತೆಳುವಾಗಿ ಸೋಡಾ ಉದುರಿಸಿ, ರಾತ್ರಿ ಕಳೆದ ಮೇಲೆ ಬ್ರಷ್ಷಿನಿಂದ ತೆಗೆದಾಗ ಬೆವರಿನ ಹುಳಿನಾತ ಗಮನಾರ್ಹವಾಗಿ ಕಡಿಮೆಯಾಗಿತ್ತು. ಆ ಹುಳಿನಾತಕ್ಕೆ ಆಮ್ಲಗಳು ಕಾರಣ, ಸೋಡಾ ಆಮ್ಲಗಳನ್ನು ಶಮನಗೊಳಿಸುತ್ತದೆ. ಬೂಷ್ಟಿನ ಮುಗ್ಗಲು ಬೇರೆ ಜಾತಿಯದಾದ್ದರಿಂದ ಅಲ್ಲಿ ಅದರ ಆಟ ನಡೆಯಲಿಲ್ಲ. ಕಪ್ಪು ಫೆಲ್ಟಿನ ಎಳೆಗಳಲ್ಲಿ ಬಿಳಿಯ ಪುಡಿ ಸಿಕ್ಕಿಕೊಂಡರೆ ಬಿಡಿಸುವುದು ಬಲು ಕಷ್ಟ, ಅದರ ಮೇಲೆ ನೀರು ಬಿದ್ದರೆ ಕ್ಷಾರವಾಗಿ ಉಣ್ಣೆಗೆ ಕೇಡು. ತೆಳುವಾದ ಮಲ್ಲಿನ ಚೀಲದಲ್ಲಿ ಕಟ್ಟಿ ಇಡುವುದೇ ಉಚಿತ.

ಇನ್ನು ಇದ್ದಿಲು. ಬಳ್ಳಾರಿ ಜಾಲಿಯನ್ನು ಬೈಯದ ರೈತರಿಲ್ಲ. ಹೊಲದ ಬದುವಿನಿಂದ ಕೆರೆಯ ಅಂಗಳದವರೆಗೆ ಎಲ್ಲವನ್ನೂ ಅದು ಆಕ್ರಮಿಸಿದೆ. ಆದರೆ ಅದರ ಇದ್ದಿಲು ಗಟ್ಟಿಯಾದದ್ದು, ಇಸ್ತ್ರಿ ಅಂಗಡಿಗಳಿಗೂ ಹೋಟೆಲುಗಳ ಒಲೆಗಳಿಗೂ ಬೇಕಾದದ್ದು, ಇಲ್ಲಿ ಸುಲಭವಾಗಿ ಸಿಗುವಂಥದ್ದು. ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿದ್ದು, ವಾಸನೆಯ ಅಣುಗಳು ಆ ರಂಧ್ರಗಳ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಈ ಗುಣವನ್ನು ಹೆಚ್ಚಿಸಲೆಂದೇ ಸಂಸ್ಕರಿಸಿದ ಸಕ್ರಿಯ ಇಂಗಾಲದ ಒಂದು ಗ್ರಾಂನಲ್ಲಿ 500 ಚದರ ಮೀಟರಿಗೂ ಮಿಗಿಲಾದ ಒಳಮೈ ಇರುತ್ತದೆ. ಮೀನು ಸಾಕುವ ಗಾಜಿನ ತೊಟ್ಟಿಗಳ ಸಾಮಗ್ರಿ ಮಾರುವ ಅಂಗಡಿಯಲ್ಲಿ ಅದು ಸಿಗುತ್ತದೆ. ಒಂದೇ ಟ್ರಂಕಿನಿಂದ ಬಂದ, ಒಂದೇ ಬಗೆಯ ವಾಸನೆಯ ಎರಡು ಹ್ಯಾಟುಗಳಿಗೆ ನಾನು ಎರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದೆ.

ಜಾಲಿ ಇದ್ದಿಲನ್ನು ಸಣ್ಣ ಸಣ್ಣ ತುಂಡುಗಳಾಗಿ ಕುಟ್ಟಿ, ಪುಡಿಯನ್ನು ಜರಡಿಯಲ್ಲಿ ಬೇರ್ಪಡಿಸಿ, ತುಂಡುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತೇವ ಕಳೆದು, ಕಿಡಿಯ ಸುಳಿವೂ ಇಲ್ಲದಂತೆ ಪೂರ್ತಿ ಆರಿಸಿ, ಹಳೆಯ ಧೋತರದ ಎರಡು ಪದರದಲ್ಲಿ ಗಂಟು ಕಟ್ಟಿದೆ. ಡಬ್ಬಿಯ ತಳದಲ್ಲಿ ಆ ಗಂಟುಗಳು, ಮೇಲೆ ಬೆತ್ತದ ಜಾಳಿಗೆ, ಅದರ ಮೇಲೆ ಹ್ಯಾಟು, ಹ್ಯಾಟಿನ ಒಳಗೂ ಒಂದು ಗಂಟು. ಮುಚ್ಚಳವನ್ನು ಬಿಗಿಯಾಗಿ ಹಾಕಿದೆ. ಸಕ್ರಿಯ ಇಂಗಾಲವಿದ್ದ ಡಬ್ಬಿಯಲ್ಲಿ ವಾಸನೆ ಬೇಗ ಇಳಿಯಿತು, ಮೊದಲ ವಾರದಲ್ಲೇ ವ್ಯತ್ಯಾಸ ಸ್ಪಷ್ಟವಾಗಿತ್ತು. ಜಾಲಿ ಇದ್ದಿಲು ನಿಧಾನಿ. ಇದ್ದಿಲನ್ನು ಆಗಾಗ ಹೊರತೆಗೆದು ಬೆಚ್ಚಗೆ ಮಾಡಿ ಮತ್ತೆ ಇಡುತ್ತ ಹೋದಂತೆ, ತಿಂಗಳು ಕಳೆಯುವ ಹೊತ್ತಿಗೆ ಅದೂ ಅಲ್ಲಿಗೇ ಬಂದು ಮುಟ್ಟಿತು. ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಎರಡೂ ಹ್ಯಾಟುಗಳಿಂದ ಉಣ್ಣೆಯ ಸಹಜವಾದ, ಕಂಬಳಿಯ ಬಳಿ ಬರುವಂಥ ಮೆಲುವಾಸನೆಯಷ್ಟೇ ಬಂದಿತು. ನಾಟಕದ ದಿನ ಹತ್ತಿರವಿದ್ದರೆ ಹಣ ಕೊಟ್ಟು ಸಕ್ರಿಯ ಇಂಗಾಲವನ್ನೇ ತರುತ್ತೇನೆ. ಸಮಯವಿದ್ದರೆ ಜಾಲಿ ಇದ್ದಿಲೇ ನನ್ನ ಆಯ್ಕೆ. ಎರಡರಲ್ಲೂ ಬಣ್ಣ, ಆಕಾರ, ಶೆಲ್ಯಾಕ್ ಯಾವುದಕ್ಕೂ ತೊಂದರೆಯಿಲ್ಲ. ಗಂಟು ಬಿಚ್ಚಿ ಕಪ್ಪು ಪುಡಿ ಚೆಲ್ಲದಂತೆ ನೋಡಿಕೊಂಡರೆ ಸಾಕು.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಸಾಂಬ್ರಾಣಿ, ಲೋಬಾನದ ಹೊಗೆ ಮುಗ್ಗಲಿನ ಮೇಲೆ ಇನ್ನೊಂದು ವಾಸನೆಯನ್ನು ಕೂರಿಸುತ್ತದೆ, ಆಮೇಲೆ ಎರಡೂ ಸೇರಿ ಬರುತ್ತವೆ. ನುಸಿಗುಳಿಗೆಯ ನ್ಯಾಫ್ತಲೀನ್ ಹುಳುಗಳನ್ನು ದೂರವಿಡಬಹುದು, ಆದರೆ ಅದರ ನಾತ ಉಣ್ಣೆಯಿಂದ ಸುಲಭವಾಗಿ ಬಿಡುವುದಿಲ್ಲ. ಮಕ್ಕಳು ತಲೆಗೆ ಇಟ್ಟುಕೊಳ್ಳುವ ಹ್ಯಾಟಿನ ಬಳಿ ಅದನ್ನು ಇಡಲೇಬಾರದು. ಕೆಟಲ್ಲಿನ ಹಬೆ ಅಂಚನ್ನು ತಿದ್ದಲು ಒಳ್ಳೆಯ ಸಾಧನ. ವಾಸನೆ ತೆಗೆಯಲೆಂದು ದೀರ್ಘಕಾಲ ಹಿಡಿದರೆ ಹ್ಯಾಟು ಕುಗ್ಗಿ ಯಾರ ತಲೆಗೂ ಕೂರುವುದಿಲ್ಲ. ಡ್ರೈಕ್ಲೀನಿಂಗಿಗೆ ಕೊಟ್ಟ ಒಂದು ಹ್ಯಾಟು ಶುಚಿಯಾಗಿ ಬಂದಿತು, ಆಕಾರ ಮಾತ್ರ ಉಳಿದಿರಲಿಲ್ಲ.

ಇದ್ದಿಲಿಗೂ ಬಗ್ಗದ ಹ್ಯಾಟೊಂದು ನಮ್ಮಲ್ಲಿತ್ತು. ನಮಗೆ ವೇಷ ಹೊಲಿದುಕೊಡುವ ಕೌಲ್ ಬಜಾರಿನ ಟೈಲರ್ ಚಾಚಾ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಅಸ್ತರ್ ಬಿಚ್ಚಿ ನೋಡ್ರಿ, ವಾಸ್ನೆ ಎಲ್ಲಾ ಅಲ್ಲೇ ಐತೆ” ಎಂದರು. ಚರ್ಮದ ಪಟ್ಟಿಯನ್ನು ಹೊರಕ್ಕೆ ಮಡಚಿ ದೀಪದ ಕೆಳಗೆ ಹಿಡಿದಾಗ ಹೊಲಿಗೆಯ ಉದ್ದಕ್ಕೂ ಬೂದುಬಣ್ಣದ ನಯವಾದ ನವಿರು, ಬೆವರಿನ ಉಪ್ಪು ಒಣಗಿ ನಿಂತ ಅಲೆಯಂಥ ಬಿಳಿ ಗೆರೆ, ಪಟ್ಟಿಯ ಹಿಂದೆ ತಲೆಯ ಅಳತೆಗೆಂದು ಯಾರೋ ಮಡಚಿ ತುರುಕಿದ್ದ ಕಾಗದದ ಸುರುಳಿ ಕಂಡವು. ಕಾಗದ ಹಳದಿಗಟ್ಟಿ, ಮುಟ್ಟಿದರೆ ಪುಡಿಯಾಗುವಂತಿತ್ತು, ಮುಗ್ಗಲು ವಾಸನೆಯ ಮೂಲವೇ ಅದಾಗಿತ್ತು. ಕಾಗದವನ್ನು ತೆಗೆದು, ಹರಿದ ರೇಷ್ಮೆಯ ಅಸ್ತರನ್ನು ಬಿಚ್ಚಿ, ಚರ್ಮವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹಗುರವಾಗಿ ಒರೆಸಿ, ಆರಿದ ಮೇಲೆ ಮತ್ತೆ ಇದ್ದಿಲಿನ ಡಬ್ಬಿಗೆ ಹಾಕಿದಾಗ ಆ ಹ್ಯಾಟೂ ಪರೀಕ್ಷೆಯನ್ನು ದಾಟಿತು. ಹೊಸ ಹತ್ತಿಯ ಅಸ್ತರನ್ನು ಚಾಚಾ ಅವರೇ ಹೊಲಿದುಕೊಟ್ಟರು. ವಾಸನೆ ಫೆಲ್ಟಿನಲ್ಲಿದೆಯೋ, ಚರ್ಮದಲ್ಲಿದೆಯೋ, ಅಸ್ತರಿನಲ್ಲಿದೆಯೋ ಎಂದು ಬೇರೆಬೇರೆಯಾಗಿ ಮೂಸಿ ತಿಳಿಯದೆ ಉಪಾಯಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲವೆಂದು ನಾನು ಈಗ ದೃಢವಾಗಿ ಹೇಳುತ್ತೇನೆ.

ಹಳೆಯ ತುಪ್ಪಳದ ಹ್ಯಾಟು ಕೈಗೆ ಬಂದವರಿಗೆ ಒಂದು ಎಚ್ಚರಿಕೆಯ ಮಾತು. ಮೊಲ, ಬೀವರ್‌ಗಳ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲೆಂದು ಅದಕ್ಕೆ ಪಾದರಸದ ನೈಟ್ರೇಟನ್ನು ಹಚ್ಚುತ್ತಿದ್ದರು. ಅಮೆರಿಕದ ಹ್ಯಾಟು ತಯಾರಿಕೆಯಲ್ಲಿ ಆ ಪದ್ಧತಿ ನಿಂತದ್ದು 1941ರಲ್ಲಿ. ಅದಕ್ಕೂ ಹಿಂದಿನ ಹ್ಯಾಟುಗಳಲ್ಲಿ ಪಾದರಸದ ಅಂಶ ಇಂದಿಗೂ ಉಳಿದಿರಬಹುದಾದ್ದರಿಂದ, ಅಷ್ಟು ಹಳೆಯದೆಂದು ಸಂಶಯವಿದ್ದ ಹ್ಯಾಟಿಗೆ ನಾನು ಹಬೆಯನ್ನಾಗಲಿ ಸುಡುಬಿಸಿಲನ್ನಾಗಲಿ ತೋರಿಸುವುದಿಲ್ಲ, ಕೈಗವಸು ಹಾಕದೆ ಮುಟ್ಟುವುದಿಲ್ಲ, ನಟರಿಗೂ ಕೊಡುವುದಿಲ್ಲ. ಅಂಥವು ಪ್ರದರ್ಶನದ ಕಪಾಟಿನಲ್ಲಿರಲಿ.

ವಾಸನೆ ಹೋದ ಹ್ಯಾಟುಗಳನ್ನು ಈಗ ತಗಡಿನ ಟ್ರಂಕಿಗೆ ಹಾಕುವುದನ್ನು ಬಿಟ್ಟಿದ್ದೇವೆ. ರಟ್ಟಿನ ಪೆಟ್ಟಿಗೆಗಳಿಗೆ ಬದಿಯಲ್ಲಿ ತೂತು ಕೊರೆದು, ಅಂಚು ನೆಲಕ್ಕೆ ಒತ್ತದಂತೆ ಹ್ಯಾಟನ್ನು ಅಂಗಾತವಾಗಿಟ್ಟು, ಮೂಲೆಯಲ್ಲಿ ಒಂದು ಇದ್ದಿಲಿನ ಗಂಟನ್ನು ಇಡುತ್ತೇವೆ. ಪ್ರದರ್ಶನ ಮುಗಿದ ರಾತ್ರಿ ಯಾವ ಹ್ಯಾಟೂ ನೇರವಾಗಿ ಪೆಟ್ಟಿಗೆ ಸೇರುವುದಿಲ್ಲ. ಚರ್ಮದ ಪಟ್ಟಿಯನ್ನು ಹೊರಮಡಚಿ, ಮರುದಿನ ಸಂಜೆಯವರೆಗೆ ಗಾಳಿಯಲ್ಲಿಟ್ಟ ಬಳಿಕವೇ ಒಳಗೆ ಹೋಗುತ್ತದೆ. ಸೆಪ್ಟೆಂಬರ್ ಮಳೆ ಹಿಡಿಯುವ ಮುಂಚೆ ಗಂಟುಗಳ ಇದ್ದಿಲನ್ನು ಬದಲಿಸುತ್ತೇವೆ.