ಅಡಿಕೆ ಲೆಕ್ಕಕ್ಕೆ ಡಿ ಭಾಷೆಯ ಸಿಟಿಎಫ್‌ಇ: ಎರಡು ಮಳೆಗಾಲದ ಬಳಕೆಯ ನಂತರ

ಶಿರಸಿಯ ಒಂದು ಅಡಿಕೆ ಮಂಡಿಗೆ ಬಿಲ್ ಮಾಡುವ ತಂತ್ರಾಂಶವನ್ನು ನಾನು ಡಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟು ಎರಡು ಮಳೆಗಾಲ ಕಳೆದಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಬಗೆಗಳನ್ನೂ ಚೀಲದ ತೂಕ, ಹಮಾಲಿಯ ನಿಯಮಗಳನ್ನೂ ಒಂದು ಪಠ್ಯ ಕಡತದಲ್ಲಿ ಇಟ್ಟಿದ್ದು, ಕಂಪೈಲ್ ಆಗುವಾಗಲೇ (ಬರೆದ ಪ್ರೋಗ್ರಾಂ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಾಗುವಾಗಲೇ) ಅದನ್ನು ಓದಿ ಕೋಷ್ಟಕ ಕಟ್ಟುವ ಕೆಲಸವನ್ನು ಆ ಭಾಷೆಯ ಸಿಟಿಎಫ್‌ಇ (ಕಂಪೈಲ್ ಸಮಯದಲ್ಲೇ ಫಂಕ್ಷನ್ ನಡೆಸುವ) ಸೌಲಭ್ಯಕ್ಕೆ ಒಪ್ಪಿಸಿದ್ದೇನೆ. ಡಿ ಭಾಷೆಗೆ ಇದು ಬಂದದ್ದು 2007ರಲ್ಲಿ. ಸಿ++ ಭಾಷೆಯಲ್ಲಿ ಇದೇ ಬಗೆಯ ಕಾನ್ಸ್ಟ್‌ಎಕ್ಸ್‌ಪ್ರ್ ಕಾಣಿಸಿಕೊಳ್ಳಲು 2011ರ ಆವೃತ್ತಿ ಬರಬೇಕಾಯಿತು.

ಇದಕ್ಕಾಗಿ ಬೇರೆ ಬರವಣಿಗೆ ಕಲಿಯಬೇಕಿಲ್ಲ. ಸಾಮಾನ್ಯ ಫಂಕ್ಷನ್ನಿನ ಉತ್ತರವನ್ನು ಎನಮ್ (ಕಂಪೈಲ್ ಸಮಯದ ಸ್ಥಿರ ಮೌಲ್ಯ) ಒಂದಕ್ಕೆ ಕೊಟ್ಟರೆ ಕಂಪೈಲರೇ ಅದನ್ನು ನಡೆಸುತ್ತದೆ. ಕಡತವಿರುವ ಫೋಲ್ಡರನ್ನು ಕಂಪೈಲರಿಗೆ ಕೊಡುವ ಜೆ ಎಂಬ ಸ್ವಿಚ್ಚಿನಿಂದ ತಿಳಿಸದಿದ್ದರೆ ಓದಲು ಒಪ್ಪುವುದಿಲ್ಲ ಎಂಬ ಬಿಗಿಯೂ ನನಗೆ ಮೆಚ್ಚುಗೆಯೇ.

ತೊಡಕಿರುವುದು ತಪ್ಪು ಹುಡುಕುವಾಗ. ಇಲ್ಲಿ ಡೀಬಗರ್ ಹಾಕಿ ಹೆಜ್ಜೆ ಹೆಜ್ಜೆಯಾಗಿ ನೋಡಲಾಗದು. ಕಂಪೈಲ್ ಆಗುವಾಗ ಸಂದೇಶ ತೋರಿಸುವ ಪ್ರಾಗ್ಮಾ ಮೆಸೇಜ್ ಸ್ಥಿರ ಮೌಲ್ಯವನ್ನು ಮಾತ್ರ ಮುದ್ರಿಸುವುದರಿಂದ ಲೂಪಿನೊಳಗೆ ಬದಲಾಗುವ ವೇರಿಯಬಲ್ ಅದಕ್ಕೆ ಕಾಣುವುದೇ ಇಲ್ಲ. ಅನುಮಾನ ಬಂದ ಸಾಲಿನಲ್ಲಿ ಅಸರ್ಟ್ (ಷರತ್ತು ತಪ್ಪಿದರೆ ಕೆಲಸ ನಿಲ್ಲಿಸುವ ಪರಿಶೀಲನೆ) ಒಂದನ್ನು ಬೇಕೆಂದೇ ಸೋಲಿಸಿ, ಅದರ ಸಂದೇಶಕ್ಕೆ ವೇರಿಯಬಲ್ಲಿನ ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗೆ ಅಂಟಿಸುವುದು ನಾನು ಹಿಡಿದ ದಾರಿ. ಚಾಲಿ ಸಿಗುತ್ತಿಲ್ಲ ಎಂದು ಅರ್ಧ ದಿನ ಒದ್ದಾಡಿದ ಮೇಲೆ ಹೀಗೆ ಮಾಡಿದಾಗ ತೆರೆಯ ಮೇಲೆ ‘ಚಾಲಿ ’ ಎಂದು ಬಂತು: ಕೊನೆಗೊಂದು ಖಾಲಿ ಜಾಗ, ನಾನೇ ಒತ್ತಿದ್ದು. ಅದರ ಕೆಳಗೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸಾಲುಗಳನ್ನೂ ಕಂಪೈಲರ್ ಕೊಡುತ್ತದೆ.

ದಶಾಂಶದ ಲೆಕ್ಕ ಇನ್ನೂ ಸೂಕ್ಷ್ಮ. ಕಂಪೈಲ್ ಸಮಯದಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕಗಳನ್ನು ಹೆಚ್ಚಿನ ನಿಖರತೆಯಲ್ಲಿ ಮಾಡಲು ಭಾಷೆಯ ನಿಯಮವೇ ಅವಕಾಶ ಕೊಟ್ಟಿರುವುದರಿಂದ, ಅದೇ ಫಂಕ್ಷನ್ ಕಂಪೈಲ್ ಆಗುವಾಗ ಒಂದು ಉತ್ತರವನ್ನೂ ಓಡುವಾಗ ಕೂದಲೆಳೆಯಷ್ಟು ಬೇರೆ ಉತ್ತರವನ್ನೂ ಕೊಡಬಹುದು. ಇದನ್ನು ಓದದೆ ಹಮಾಲಿಗೆ ಡಬಲ್ ಎಂಬ ದಶಾಂಶ ಸಂಖ್ಯೆಯ ಬಗೆಯನ್ನು ಬಳಸಿದ್ದ ನನಗೆ ಮಂಡಿಯ ಗುಮಾಸ್ತರು ಫೋನ್ ಮಾಡಿ, “ತಮಾ, ಒಂದ್ ಪೈಸೆ ಹೆಚ್ಚು ಬತ್ತಾ ಇದ್ದು” ಎಂದರು. ಈಗ ಎಲ್ಲವೂ ಪೈಸೆಯ ಪೂರ್ಣಾಂಕ. ಪ್ರತಿ ಫಂಕ್ಷನ್ನನ್ನು ಕಂಪೈಲ್ ಆಗುವಾಗ ಸ್ಟ್ಯಾಟಿಕ್ ಅಸರ್ಟಿನಲ್ಲೊಮ್ಮೆ, ಓಡುವಾಗ ಯೂನಿಟ್‌ಟೆಸ್ಟಿನಲ್ಲೊಮ್ಮೆ ಪರೀಕ್ಷಿಸುತ್ತೇನೆ.

ಕಂಪೈಲರನ್ನೇ ಸಂಶಯಿಸಬೇಕಾದಾಗ ಇನ್ನೊಂದು ಕಂಪೈಲರಿನಲ್ಲಿ ನೋಡೋಣವೆಂದರೆ, ಡಿಎಮ್‌ಡಿ, ಎಲ್‌ಡಿಸಿ, ಜಿಡಿಸಿ ಎಂಬ ಮೂರೂ ಡಿ ಕಂಪೈಲರುಗಳಿಗೆ ಪ್ರೋಗ್ರಾಮನ್ನು ಓದಿ ಅರ್ಥೈಸುವ ಮುಂಭಾಗ ಒಂದೇ ಆಗಿರುವುದರಿಂದ ಈ ಭಾಗದ ದೋಷ ಸಾಮಾನ್ಯವಾಗಿ ಮೂರರಲ್ಲೂ ಇರುತ್ತದೆ. ಆಗ ಡಸ್ಟ್‌ಮೈಟ್ ಉಪಕಾರಿ: ದೋಷ ಉಳಿಯುವಂತೆ ನೋಡಿಕೊಂಡು ಪ್ರೋಗ್ರಾಮಿನ ತುಂಡುಗಳನ್ನು ಒಂದೊಂದಾಗಿ ಕಿತ್ತು, ವರದಿ ಮಾಡಲು ಬೇಕಾದಷ್ಟನ್ನೇ ಉಳಿಸುತ್ತದೆ.

ಮೆಮೊರಿ ಮಾತ್ರ ಧಾರಾಳವಾಗಿ ಬೇಕು. ಲೂಪಿನಲ್ಲಿ ಪಠ್ಯ ಜೋಡಿಸುತ್ತ ಹೋದರೆ ನನ್ನ 8 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ; ಮೆಮೊರಿ ಉಳಿಸುವ ಲೋಮೆಮ್ ಸ್ವಿಚ್ ಹಾಕಿದರೆ ನಿಧಾನವಾಗಿಯಾದರೂ ಕೆಲಸ ಮುಗಿಯುತ್ತದೆ, ಅಷ್ಟರೊಳಗೆ ಕರೆಂಟ್ ಹೋಗದಿದ್ದರೆ.